ಮನೆ-ಮಾಡು: ಹಳೇ ಹೆಂಚಿನ ಮನೆಯಲ್ಲಿ ಹೊಸ ಹಜಾರ

ಪ್ರಶ್ನೆ: ಅಜ್ಜನ ಕಾಲದ ಮಣ್ಣಿನ ಗೋಡೆಯ ಮನೆ ನಮ್ಮದು. ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆಸಿ, ಅಟ್ಟವನ್ನೂ ಕಿತ್ತು ಹೆಂಚಿನವರೆಗೆ ತೆರೆದ ಒಂದೇ ಹಜಾರ ಮಾಡಿಸಬೇಕೆಂದಿದ್ದೇವೆ. "ಒಡೆದು ಲಿಂಟಲ್ ಕೊಟ್ಟರಾಯ್ತು" ಅಂತಾರೆ ಮೇಸ್ತ್ರಿ. ಹಾಗೆ ಮಾಡಬಹುದೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಷ್ಟು ಸಲೀಸಲ್ಲ. ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತಿ. ಜಂತೆಗಳ ತುದಿ ಆ ಗೋಡೆಯ ಮೇಲೆ ಕೂತಿದ್ದರೆ, ಅಥವಾ ಮಾಡಿನ ತೊಲೆಗೆ ಕೊಟ್ಟ ಗುಜ್ಜುಕಂಬ ಅದರ ಮೇಲೆ ನಿಂತಿದ್ದರೆ, ಅದು ಭಾರ ಹೊರುವ ಗೋಡೆ. ಜಂತೆಗಳು ಗೋಡೆಗೆ ಸಮಾನಾಂತರವಾಗಿ ಹೋಗಿದ್ದು ಮೇಲೆ ಏನೂ ಕೂತಿಲ್ಲವಾದರೆ ಅದು ಬರೀ ಅಡ್ಡಗೋಡೆ, ಧೈರ್ಯವಾಗಿ ತೆಗೆಸಿ. ಅಟ್ಟದ ಹಲಗೆಯ ಮೇಲೆ ಮಣ್ಣಿನ ಮುಚ್ಚಿಗೆ ಇದೆಯೇ ಎಂದೂ ನೋಡಿ. 10 ಅಡಿಗೆ 12 ಅಡಿ ಕೋಣೆಯ ಮೇಲೆ 4 ಅಂಗುಲ ಮಣ್ಣಿದ್ದರೆ ಅದೊಂದೇ ಸುಮಾರು 2 ಟನ್ ತೂಗುತ್ತದೆ.

ಭಾರ ಹೊರುವ ಗೋಡೆಯಾದರೆ ಪೂರ್ತಿ ಕೆಡವಬೇಡಿ. ಎರಡೂ ಬದಿ 2 ಅಡಿ ಗೋಡೆ ಉಳಿಸಿ, ನಡುವೆ 8 ಅಡಿ ತೆರೆಯಿರಿ. ಒಂದೇ ಹಜಾರ ಅನ್ನಿಸಲು ಅಷ್ಟು ಸಾಕು. ಉಳಿದ ತುಂಡುಗಳು ಫ್ರಿಜ್ಜನ್ನೋ ಕಪಾಟನ್ನೋ ಮರೆಮಾಡುತ್ತವೆ. ಮೇಲೆ 200 ಮಿ.ಮೀ. ಕಬ್ಬಿಣದ ಐ-ತೊಲೆ ಬರಬೇಕಾದೀತು. ಅಳತೆಯನ್ನು ಎಂಜಿನಿಯರರಿಂದ ಲೆಕ್ಕ ಹಾಕಿಸಿ. ಎಲ್ಲರೂ ಎಡವುವುದು ತೊಲೆಯ ಆಯ್ಕೆಯಲ್ಲಲ್ಲ, ಅದರ ತುದಿ ಕೂರಿಸುವ ಜಾಗದಲ್ಲಿ. ಮಣ್ಣಿನ ಗೋಡೆ ಹರಡಿದ ಭಾರ ತಾಳುತ್ತದೆ. ಒಂದೇ ಕಡೆ ಬಿದ್ದ ಭಾರಕ್ಕೆ ಒಳಗೇ ಪುಡಿಯಾಗುತ್ತದೆ. ಆಗ ತೊಲೆ ಕಾಲಂಗುಲ ಕುಸಿದರೂ ತೆರವಿನ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಬಿರುಕು ಓಡುತ್ತದೆ, ಪಕ್ಕದ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಎರಡೂ ತುದಿಗೆ ಗಟ್ಟಿ ನೆಲದಿಂದ ಎಬ್ಬಿಸಿದ ಬೇರೆ ಕಂಬ ಬೇಕೇಬೇಕು. ಜಂಬಿಟ್ಟಿಗೆಯನ್ನು ಸಿಮೆಂಟ್ ಗಾರೆಯಲ್ಲಿ ಕಟ್ಟಿದ್ದಾದರೂ ಸರಿ, ಕಾಂಕ್ರೀಟಿನದಾದರೂ ಸರಿ. ಹಳೇ ಗೋಡೆಗಳ ಪಾಯ ಆಳವಿರುವುದಿಲ್ಲ, ಹಾಗಾಗಿ ಎರಡೂ ಗುಂಡಿಗಳನ್ನು ಒಟ್ಟಿಗೆ ತೋಡಿಸಬೇಡಿ. ಒಂದು ಕಂಬ ಮುಗಿದ ಮೇಲೆ ಇನ್ನೊಂದು.

ಒಡೆಯುವ ಮುಂಚೆ ಗೋಡೆಯ ಎರಡೂ ಮಗ್ಗುಲಿಗೆ 3 ಅಡಿಗೊಂದರಂತೆ ಜಾಕಿ (ತಿರುಗಿಸಿ ಎತ್ತರ ಹೊಂದಿಸುವ ಕಬ್ಬಿಣದ ಆಧಾರಕಂಬ) ಕೊಡಿಸಿ. ಜಾಕಿಯ ಕೆಳಗೂ ಮೇಲೂ 2 ಅಂಗುಲ ದಪ್ಪದ ಹಲಗೆ ಇರಲಿ, ಇಲ್ಲದಿದ್ದರೆ ಕಾವಿ ನೆಲ ಅಲ್ಲೇ ಬಿರಿಯುತ್ತದೆ. 10 ಅಡಿ ಐ-ತೊಲೆ ಸುಮಾರು 75 ಕಿಲೋ ಬರುತ್ತದೆ. ಏಣಿಯ ಮೇಲೆ ಇಬ್ಬರಿಂದ ಎತ್ತಿಸುವ ಸಾಹಸ ಬೇಡ. ನಾಲ್ವರಿರಲಿ, ನಿಲ್ಲಲು ಅಟ್ಟಣಿಗೆ ಇರಲಿ. ತೊಲೆ ಕೂತ ಮೇಲೆ ಅದಕ್ಕೂ ಮೇಲಿನ ಜಂತೆಗೂ ನಡುವಿನ ಸಂದಿಗೆ ಕಡಿಮೆ ನೀರಿನ ಗಾರೆಯನ್ನು ಬಡಿದು ಬಡಿದು ತುಂಬಿಸಿ, 7 ದಿನ ಬಿಟ್ಟು ಜಾಕಿಗಳನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ.

ಅಟ್ಟದ ವಿಚಾರ. ಮುಚ್ಚಿಗೆ, ಹಲಗೆ ತೆಗೆಯಬಹುದು, ಜಂತೆಗಳನ್ನೆಲ್ಲ ಕೀಳಬೇಡಿ. ಎದುರುಬದುರು ಗೋಡೆಗಳನ್ನು ಹಿಡಿದಿಟ್ಟಿರುವುದೇ ಅವು. ಅವಿಲ್ಲದೆ ಪಕಾಸುಗಳ ಒತ್ತಡಕ್ಕೆ ಗೋಡೆಯ ತಲೆ ಹೊರಕ್ಕೆ ವಾಲುತ್ತದೆ. 4 ಅಡಿಗೊಂದರಂತೆ ಉಳಿಸಿ ಎಣ್ಣೆ ಹಚ್ಚಿದರೆ ನೋಡಲೂ ಚಂದ. ಯಾವುದನ್ನು ತೆಗೆಯಬಹುದು, ಯಾವುದು ಉಳಿಯಬೇಕು ಎಂಬುದನ್ನು ಅದೇ ಎಂಜಿನಿಯರರಿಂದ ಗುರುತು ಹಾಕಿಸಿ. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ನಿಮ್ಮದೇ ತಾಲ್ಲೂಕು. ಹೆಂಚು ಇಳಿಸುವ ಕೆಲಸವಿದ್ದರೆ ಜನವರಿಯಲ್ಲಿ ಶುರುಮಾಡಿ ಏಪ್ರಿಲ್ ಒಳಗೆ ಮಾಡು ಮುಚ್ಚಿಸಿ. ತಲೆ ನೆನೆದ ಮಣ್ಣಿನ ಗೋಡೆಯನ್ನು ಮತ್ತೆ ಗಟ್ಟಿಮಾಡಲು ಬರುವುದಿಲ್ಲ.

ಪ್ರಶ್ನೆ: ಕಟ್ಟಿಗೆ ಒಲೆ ತೆಗೆಸಿ, ಗ್ಯಾಸ್ ಕಟ್ಟೆ ಹಾಕಿಸಿ ಅಡುಗೆಮನೆಯನ್ನು ತೆರೆದದ್ದಾಯ್ತು. ಈಗ ಮೇಲಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಗೆದ್ದಲೇ?
– ಓದುಗರು, ಸಾಗರ

ಉತ್ತರ: ಗೆದ್ದಲಾದರೆ ಮಣ್ಣಿನ ಕೊಳವೆ ಕಟ್ಟುತ್ತದೆ. ನುಣ್ಣನೆಯ ಪುಡಿ ಉದುರಿ, ರೀಪಿನಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಅದು ಮರ ಕೊರೆಯುವ ಹುಳು. ಇಷ್ಟು ವರ್ಷ ಒಲೆಯ ಹೊಗೆಯೇ ನಿಮ್ಮ ಮಾಡನ್ನು ಕಾದಿತ್ತು. ಮಸಿ ಹಿಡಿದು ಒಣಗಿದ ಮರಕ್ಕೆ ಹುಳು ಸುಲಭಕ್ಕೆ ಬರುವುದಿಲ್ಲ. ಒಲೆ ತೆಗೆದವರು ಆ ಕಾವಲನ್ನು ಬೇರೆ ದಾರಿಯಲ್ಲಿ ಕೊಡಬೇಕು.

ಬೆರಳಲ್ಲಿ ಒತ್ತಿದರೆ ಕುಸಿಯುವ ಅಡಿಕೆ ದಬ್ಬೆ, ಬಿದಿರು ಇದ್ದರೆ ಬದಲಿಸಿ. ಗಟ್ಟಿ ಇರುವುದನ್ನು ತಂತಿ ಬ್ರಷ್‌ನಿಂದ ಉಜ್ಜಿ. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಮರ ಚೆನ್ನಾಗಿ ಒಣಗಿರುವ ಮಾರ್ಚ್–ಏಪ್ರಿಲ್‌ನಲ್ಲಿ ಮೂರು ಸಲ ಹಚ್ಚಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪೂರ್ತಿ ಆರಿದ ಮೇಲಷ್ಟೇ ಎಣ್ಣೆಯೋ ವಾರ್ನಿಶೋ. ಮೊದಲೇ ಎಣ್ಣೆ ಕುಡಿದ ಮರ ಈ ದ್ರಾವಣವನ್ನು ಹೀರುವುದಿಲ್ಲ. ಮಳೆ ತಾಗಿದರೆ ಇದು ತೊಳೆದುಹೋಗುತ್ತದೆ, ಆದ್ದರಿಂದ ಒಡೆದ ಹೆಂಚನ್ನು ಮೊದಲೇ ಬದಲಿಸಿ.

ಚಿಮಣಿ ಹಾಕಿಸುವುದಾದರೆ ಅದರ 6 ಅಂಗುಲದ ಕೊಳವೆಯನ್ನು ಪಕ್ಕದ ಗೋಡೆಯಿಂದ, ಸೂರಿನ ಕೆಳಗೆ ಹೊರಬಿಡಿ. ಹೆಂಚು ಕೊರೆದು ಮೇಲಕ್ಕೆ ಬಿಟ್ಟ ಕೊಳವೆಯ ಸುತ್ತ ಮಳೆಗಾಲದಲ್ಲಿ ಸೋರದೇ ಇರುವುದು ಅಪರೂಪ.

ಪ್ರಶ್ನೆ: ಹಜಾರಕ್ಕೆ ಸರಳವಾದ ಬಿಳಿ ಗೋಡೆ ಬೇಕು. ಮಣ್ಣಿನ ಗೋಡೆಗೆ ಹೊಡೆಸಿದ ಸಿಮೆಂಟ್ ಪ್ಲಾಸ್ಟರ್ ಮೂರಡಿ ಎತ್ತರದವರೆಗೆ ಹೊಪ್ಪಳಿಕೆಯಾಗಿ ಎದ್ದು ಬರುತ್ತಿದೆ.
– ಓದುಗರು, ಹೊಸನಗರ

ಉತ್ತರ: ನೆಲದ ತೇವ ಗೋಡೆಗೆ ಏರುತ್ತದೆ, ಸಿಮೆಂಟ್ ಅದನ್ನು ಹೊರಬಿಡುವುದಿಲ್ಲ. ಅದರ ಮೇಲೆ ಪುಟ್ಟಿ, ಎಮಲ್ಷನ್ ಬಳಿದರೆ ತೇವಕ್ಕೆ ಇನ್ನೊಂದು ಮುಚ್ಚಳ ಹಾಕಿದಂತೆ. ಸಿಮೆಂಟನ್ನು ಪೂರ್ತಿ ಕೆತ್ತಿಸಿ, ಒಂದು ಬೇಸಿಗೆ ಗೋಡೆಯನ್ನು ಹಾಗೇ ಒಣಗಲು ಬಿಡಿ. ಸೂರಿನ ನೀರು ಗೋಡೆಬುಡಕ್ಕೆ ಬೀಳದಂತೆ ಹೊರಗೆ ಚರಂಡಿ ಮಾಡಿಸಿ. ಆಮೇಲೆ ಅರಳಿಸಿದ ಸುಣ್ಣ 1, ಜರಡಿ ಹಿಡಿದ ಮರಳು 3 ಪಾಲಿನ ಗಾರೆಯನ್ನು ಸುಮಾರು 10 ಮಿ.ಮೀ.ನ ಎರಡು ಪದರವಾಗಿ ಹೊಡೆಸಿ. ಮೊದಲ ಪದರ ಬಿಗಿದುಕೊಳ್ಳುವ ಮುನ್ನ ಎರಡನೆಯದು ಬೇಡ. ಒಂದು ವಾರ ದಿನಾ ನೀರು ಚಿಮುಕಿಸಿ. ಬೇಗ ಒಣಗಿದ ಸುಣ್ಣದ ಗಾರೆ ಪುಡಿಪುಡಿಯಾಗುತ್ತದೆ. ಮೇಲೆ ತೆಳ್ಳಗೆ ಮೂರು–ನಾಲ್ಕು ಸಲ ಸುಣ್ಣ. ಕೊನೆಯ ಬಕೆಟ್ಟಿಗೆ ಒಂದು ಹಿಡಿ ಹಳದಿ ಕಾವಿ ಬೆರೆಸಿದರೆ ಆಸ್ಪತ್ರೆ ಬಿಳುಪು ಹೋಗಿ ಕೆನೆ ಬಣ್ಣ ಬರುತ್ತದೆ. ದೀಪಗಳೂ ಬೆಚ್ಚನೆಯ ಹಳದಿ ಬೆಳಕಿನ, 2700ರಿಂದ 3000 ಕೆಲ್ವಿನ್‌ನವೇ ಇರಲಿ.

ಪ್ರಶ್ನೆ: ಸಾಮಾನು ಕಡಿಮೆ ಕಾಣುವ ತೆರೆದ ಮನೆ ಇಷ್ಟ. ಆದರೆ ಮಳೆಗಾಲದ ಒದ್ದೆ ಬಟ್ಟೆ, ಬೂಷ್ಟು, ಕತ್ತಲೆಗೆ ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಬಚ್ಚಲನ್ನೂ ಬಟ್ಟೆ ಒಣಗಿಸುವ ಜಾಗವನ್ನೂ ಹಜಾರಕ್ಕೆ ಸೇರಿಸಬೇಡಿ, ನಡುವೆ ಬಾಗಿಲು ಇರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಒದ್ದೆ ಕಂಬಳಿ ಸಾಕು, ಇಡೀ ಹಜಾರ ಮುಗ್ಗಲು ವಾಸನೆ ಹೊಡೆಯಲು. ಬೆಳಕಿಗೆ ಮಂಗಳೂರು ಹೆಂಚಿನದೇ ಅಳತೆಯ ಗಾಜಿನ ಹೆಂಚು ಸಿಗುತ್ತದೆ. 10 ಅಡಿಗೆ 14 ಅಡಿ ಜಾಗಕ್ಕೆ ನಾಲ್ಕು ಸಾಕು, ಉತ್ತರದ ಇಳಿಜಾರಿನಲ್ಲಿ ಹಾಕಿಸಿ; ಪಶ್ಚಿಮಕ್ಕೆ ಹಾಕಿದರೆ ಬೇಸಿಗೆಯ ಸಂಜೆ ಕೂರಲಾಗುವುದಿಲ್ಲ. ಕಪಾಟುಗಳನ್ನು ಐ.ಎಸ್. 710 ಗುರುತಿನ, ನೀರು ತಾಳುವ ಮರೀನ್ ಪ್ಲೈವುಡ್‌ನಲ್ಲಿ ಮಾಡಿಸಿ, ಗೋಡೆಯಿಂದ 1 ಅಂಗುಲ, ನೆಲದಿಂದ 4 ಅಂಗುಲ ಬಿಟ್ಟು ನಿಲ್ಲಿಸಿ. ಹಿಂದೆ ಗಾಳಿಯಾಡದ ಕಪಾಟಿಗೆ ಬೂಷ್ಟು ಹಿಡಿಯುವುದು ಬೆನ್ನಿನಿಂದಲೇ, ಗೊತ್ತಾಗುವ ಹೊತ್ತಿಗೆ ಒಳಗಿನ ರೇಷ್ಮೆ ಸೀರೆಗೂ ತಾಗಿರುತ್ತದೆ.