ನೀವು ತಿದ್ದಿದ ಕಡತ, ಅವರು ಕಳುಹಿಸಿದ ಕಡತ

ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವಾಗ ನಾವು ಕೈಯಾರೆ ತಿದ್ದಿಟ್ಟ ಸಂರಚನಾ ಕಡತಗಳ (ತಂತ್ರಾಂಶ ಹೇಗೆ ನಡೆಯಬೇಕೆಂದು ಹೇಳುವ ಕಡತಗಳ) ಗತಿ ಏನಾಗುತ್ತದೆ ಎಂದು ಕೇಳಿ ಕೊಡಗಿನಿಂದ ನಾಲ್ಕು ಪತ್ರಗಳು ಬಂದಿವೆ. ನಾಲ್ಕಕ್ಕೂ ಇಲ್ಲಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಕಾಫಿ ತೋಟದ ಕಚೇರಿಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಒಂದಿದೆ. ಕಾರ್ಮಿಕರ ಹಾಜರಿ, ಕೂಲಿ ಬಟವಾಡೆ, ಕಾಳುಮೆಣಸಿನ ತೂಕ ಎಲ್ಲವೂ ಸಾಂಬಾ ಎಂಬ ಕಡತ ಹಂಚುವ ತಂತ್ರಾಂಶದ ಮೂಲಕ ಹಂಚಿಕೊಂಡ ಫೋಲ್ಡರಿನಲ್ಲಿವೆ. ಕಳೆದ ವಾರ ಅಪ್‌ಗ್ರೇಡ್ ನಡುವೆ, ‘ಈ ಕಡತವನ್ನು ಇಲ್ಲಿ ತಿದ್ದಲಾಗಿದೆ, ಹೊಸ ಪ್ರತಿಯೂ ಬಂದಿದೆ, ಯಾವುದನ್ನು ಇಡಲಿ’ ಎಂಬ ಅರ್ಥದ ಪ್ರಶ್ನೆ ಪರದೆಯ ಮೇಲೆ ಬಂತು. ಹೊಸದೇ ಒಳ್ಳೆಯದೆಂದು ಅದನ್ನು ಆರಿಸಿದೆ. ಈಗ ಮಿಕ್ಕ ಕಂಪ್ಯೂಟರುಗಳಿಗೆ ಆ ಫೋಲ್ಡರ್ ಕಾಣುತ್ತಲೇ ಇಲ್ಲ. ಲೆಕ್ಕವೆಲ್ಲ ಹೋಯಿತೇ?
— ಓದುಗರು, ಪೊನ್ನಂಪೇಟೆ

ಉತ್ತರ: ಲೆಕ್ಕ ಎಲ್ಲಿಗೂ ಹೋಗಿಲ್ಲ. ಆ ಫೋಲ್ಡರನ್ನು ಹಂಚಬೇಕೆಂದು ಹೇಳುತ್ತಿದ್ದ ಕೆಲವು ಸಾಲುಗಳು ಮಾತ್ರ ಜಾಗ ಬಿಟ್ಟಿವೆ, ಅವೂ ಅಳಿದಿಲ್ಲ. ಸಂರಚನಾ ಕಡತಗಳಿರುವ ಇಟಿಸಿ ಫೋಲ್ಡರಿನೊಳಗಿನ ಸಾಂಬಾ ಫೋಲ್ಡರನ್ನು ತೆರೆಯಿರಿ. ಎಸ್‌ಎಂಬಿ.ಕಾನ್ಫ್ ಕಡತದ ಪಕ್ಕದಲ್ಲಿ, ಅದೇ ಹೆಸರಿನ ಕೊನೆಗೆ ‘.ಯುಸಿಎಫ್-ಓಲ್ಡ್’ ಎಂದು ಸೇರಿಸಿದ ಇನ್ನೊಂದು ಕಡತ ಸಿಗುತ್ತದೆ. ಅದು ನಿಮ್ಮ ಹಳೆಯ ಪ್ರತಿ. ಮೊದಲು ಅದರ ನಕಲನ್ನು ಬೇರೆ ಕಡೆ ಇಟ್ಟುಕೊಳ್ಳಿ. ಆಮೇಲೆ ನಿಮ್ಮ ಫೋಲ್ಡರಿಗೆ ಸಂಬಂಧಿಸಿದ ಸಾಲುಗಳನ್ನಷ್ಟೇ ಹೊಸ ಕಡತಕ್ಕೆ ಬರೆದು, ಟೆಸ್ಟ್‌ಪಾರ್ಮ್ ಆದೇಶದಿಂದ ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು ಸೇವೆಯನ್ನು ಮತ್ತೆ ಆರಂಭಿಸಿರಿ.

ಇನ್ನು, ಆ ಪ್ರಶ್ನೆ ಏಕೆ ಬಂತೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಮತ್ತೆ ಬರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜುಗಳನ್ನು, ಎಂದರೆ ತಂತ್ರಾಂಶದ ಸಿದ್ಧ ಕಟ್ಟುಗಳನ್ನು, ಕೂರಿಸುವ ಡಿಪಿಕೆಜಿ ಎಂಬ ತಂತ್ರಾಂಶವು ಪ್ರತಿಯೊಂದು ಸಂರಚನಾ ಕಡತವನ್ನು ಮೊದಲ ಸಲ ಹಾಕುವಾಗ ಅದರ ಎಂಡಿ5 ಮೊತ್ತವನ್ನು, ಎಂದರೆ ಒಂದು ಬಗೆಯ ಬೆರಳಚ್ಚನ್ನು, ತನ್ನ ದಾಖಲೆಯಲ್ಲಿ ಬರೆದಿಡುತ್ತದೆ. ಮುಂದಿನ ಅಪ್‌ಗ್ರೇಡಿನಲ್ಲಿ ಅದು ಆ ಹಳೆಯ ಬೆರಳಚ್ಚು, ಈಗ ಡಿಸ್ಕಿನಲ್ಲಿರುವ ಕಡತ ಮತ್ತು ಹೊಸದಾಗಿ ಬಂದ ಕಡತ ಈ ಮೂರನ್ನೂ ಹೋಲಿಸುತ್ತದೆ. ನೀವು ಏನನ್ನೂ ಮುಟ್ಟಿರದಿದ್ದರೆ ಹೊಸದನ್ನು ಸದ್ದಿಲ್ಲದೆ ಹಾಕುತ್ತದೆ. ನೀವು ತಿದ್ದಿದ್ದು, ವಿತರಕರು (ಪ್ಯಾಕೇಜ್ ಕಳುಹಿಸಿದವರು) ಏನನ್ನೂ ಬದಲಿಸಿರದಿದ್ದರೆ ನಿಮ್ಮದನ್ನು ಸದ್ದಿಲ್ಲದೆ ಉಳಿಸುತ್ತದೆ. ಇಬ್ಬರೂ ಬದಲಿಸಿದಾಗ ಮಾತ್ರ ತಾನು ತೀರ್ಮಾನಿಸದೆ ನಿಮ್ಮನ್ನು ಕೇಳುತ್ತದೆ. ಸಾಂಬಾದ ಈ ಕಡತವನ್ನು ನೋಡಿಕೊಳ್ಳುವುದು ಯುಸಿಎಫ್ ಎಂಬ ಜೊತೆಗಾರ ತಂತ್ರಾಂಶ. ಅದರ ನಡೆಯೂ ಹೀಗೆಯೇ ಇದೆ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಡಿಪಿಕೆಜಿ ಇಟ್ಟುಕೊಂಡಿರುವುದು ಹಳೆಯ ಕಡತದ ಬೆರಳಚ್ಚನ್ನು ಮಾತ್ರ, ಹಳೆಯ ಕಡತವನ್ನಲ್ಲ. ಆದ್ದರಿಂದ ವ್ಯತ್ಯಾಸ ತೋರಿಸೆಂದು ಡಿ ಒತ್ತಿದಾಗ ಕಾಣುವುದು ನಿಮ್ಮ ಕಡತಕ್ಕೂ ಹೊಸ ಕಡತಕ್ಕೂ ಇರುವ ಅಂತರವಷ್ಟೇ. ಅದರಲ್ಲಿ ನೀವು ಮಾಡಿದ ತಿದ್ದುಪಡಿ ಯಾವುದು, ಅವರು ಮಾಡಿದ ಬದಲಾವಣೆ ಯಾವುದು ಎಂಬುದು ಬೆರೆತುಹೋಗಿರುತ್ತದೆ. ಔಷಧಿ ಸಿಂಪಡಣೆಯ ಅಚ್ಚಾದ ವೇಳಾಪಟ್ಟಿಯಲ್ಲಿ ನಿಮ್ಮ ತೋಟದ ಮಳೆಗೆ ತಕ್ಕಂತೆ ತಾರೀಖುಗಳನ್ನು ತಿದ್ದಿಕೊಂಡು, ಅಚ್ಚಿನ ಮೂಲ ಪ್ರತಿಯನ್ನು ಕಳೆದುಕೊಂಡಿರಿ ಎನ್ನಿ. ಮರುವರ್ಷ ಹೊಸ ಪಟ್ಟಿ ಬಂದಾಗ ಯಾವ ತಾರೀಖನ್ನು ಅವರು ಬದಲಿಸಿದರು, ಯಾವುದನ್ನು ನೀವು ಬದಲಿಸಿದ್ದಿರಿ ಎಂದು ಹೇಳಲು ಬರುವುದಿಲ್ಲ. ಮೂಲ ಪ್ರತಿ ಕೈಯಲ್ಲಿದ್ದರೆ ಇದು ಎರಡು ನಿಮಿಷದ ಕೆಲಸ. ಈ ಕಾರಣಕ್ಕಾಗಿಯೇ ಎಟ್ಸಿಕೀಪರ್ ಎಂಬ ಪ್ಯಾಕೇಜನ್ನು ಹಾಕಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಅದು ಇಟಿಸಿ ಫೋಲ್ಡರನ್ನು ಪೂರ್ತಿಯಾಗಿ ಗಿಟ್ ಎಂಬ, ಕಡತಗಳ ಪ್ರತಿ ಬದಲಾವಣೆಯನ್ನೂ ನೆನಪಿಡುವ ತಂತ್ರಾಂಶದ ಭಂಡಾರದಲ್ಲಿಟ್ಟು, ಪ್ರತಿ ಅಪ್‌ಗ್ರೇಡಿನ ಹಿಂದೆ ಮತ್ತು ಮುಂದೆ ದಾಖಲಿಸುತ್ತದೆ.

ಇನ್ನೂ ಒಳ್ಳೆಯ ದಾರಿಯೆಂದರೆ, ಸಾಧ್ಯವಿರುವಲ್ಲಿ ವಿತರಕರ ಕಡತವನ್ನು ಮುಟ್ಟದಿರುವುದು. ಓಪನ್‌ಎಸ್‌ಎಸ್‌ಎಚ್ ಸರ್ವರಿಗೆ, ಎಂದರೆ ದೂರದಿಂದ ಯಂತ್ರದೊಳಗೆ ಬರಲು ಬಿಡುವ ತಂತ್ರಾಂಶಕ್ಕೆ, 2020ರಲ್ಲಿ ಬಂದ 8.2ನೇ ಆವೃತ್ತಿಯಿಂದ ಬೇರೆ ಕಡತಗಳನ್ನು ಒಳಗೊಳ್ಳುವ ಸೌಲಭ್ಯವಿದೆ. ನಿಮ್ಮ ಎರಡು ಸಾಲುಗಳನ್ನು ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರಿನಲ್ಲಿ ನಿಮ್ಮದೇ ಸಣ್ಣ ಕಡತವಾಗಿ ಇಟ್ಟರೆ ಸಾಕು. ಅಲ್ಲಿ ಮೊದಲು ಓದಿದ ಮೌಲ್ಯವೇ ನಿಲ್ಲುವುದರಿಂದ ಮತ್ತು ಡೆಬಿಯನ್ ಆ ಫೋಲ್ಡರನ್ನು ಮುಖ್ಯ ಕಡತದ ಆರಂಭದಲ್ಲಿಯೇ ಸೇರಿಸುವುದರಿಂದ, ನಿಮ್ಮ ಮಾತೇ ನಡೆಯುತ್ತದೆ. ಸಿಸ್ಟಮ್‌ಡಿ ಎಂಬ ತಂತ್ರಾಂಶ ನಡೆಸುವ ಸೇವೆಗಳಿಗೂ ಇದೇ ಏರ್ಪಾಡಿದೆ. ಮುಖ್ಯ ಕಡತ ಬದಲಾಗದೆ ಇರುವುದರಿಂದ ಪ್ರಶ್ನೆಯೇ ಏಳುವುದಿಲ್ಲ. ಡೆಬಿಯನ್‌ನ ಸಾಂಬಾದಲ್ಲಿ ಇಂಥ ಫೋಲ್ಡರಿನ ಅನುಕೂಲ ಇಲ್ಲ. ಆದ್ದರಿಂದ ನಿಮಗೆ ಎಟ್ಸಿಕೀಪರ್ ಇನ್ನೂ ಹೆಚ್ಚು ಬೇಕು.

ಪ್ರಶ್ನೆ: ಶಾಲೆಯ ಲ್ಯಾಬಿನ ಕಂಪ್ಯೂಟರುಗಳನ್ನು ರಾತ್ರಿ ತಾವಾಗಿಯೇ ಅಪ್‌ಗ್ರೇಡ್ ಆಗುವಂತೆ ಸ್ಕ್ರಿಪ್ಟ್ ಬರೆದಿದ್ದೇನೆ. ಡೆಬ್‌ಕಾನ್ಫ್ ಎಂಬ ತಂತ್ರಾಂಶ ಅಳವಡಿಕೆಯ ನಡುವೆ ಪ್ರಶ್ನೆ ಕೇಳದಂತೆ ‘ನಾನ್‌ಇಂಟರಾಕ್ಟಿವ್’ ಎಂದೂ ಕೊಟ್ಟಿದ್ದೇನೆ. ಆದರೂ ಕೆಲವು ಯಂತ್ರಗಳು ಅರ್ಧಕ್ಕೇ ನಿಂತಿರುತ್ತವೆ. ‘ಯಾವಾಗಲೂ ಹಳೆಯದನ್ನೇ ಇಡು’ ಎಂದು ಬರೆದುಬಿಡಲೇ?
— ಶಿಕ್ಷಕಿ, ವಿರಾಜಪೇಟೆ

ಉತ್ತರ: ನೀವು ಕೊಟ್ಟ ಸೂಚನೆ ಡೆಬ್‌ಕಾನ್ಫ್ ಕೇಳುವ ಪ್ರಶ್ನೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸಂರಚನಾ ಕಡತದ ಪ್ರಶ್ನೆಯನ್ನು ಡಿಪಿಕೆಜಿ ನೇರವಾಗಿ ಕೇಳುತ್ತದೆ. ಉತ್ತರಿಸುವವರು ಯಾರೂ ಇಲ್ಲದಿದ್ದರೆ ದೋಷವೆಂದು ನಿಲ್ಲುತ್ತದೆ. ಅದಕ್ಕೆ ‘ಫೋರ್ಸ್-ಕಾನ್ಫ್‌ಡೆಫ್’ ಮತ್ತು ‘ಫೋರ್ಸ್-ಕಾನ್ಫ್‌ಓಲ್ಡ್’ ಎಂಬ ಎರಡು ಆಯ್ಕೆಗಳನ್ನು ಒಟ್ಟಿಗೆ ಕೊಡಬೇಕು. ಪೂರ್ವನಿಯೋಜಿತ ಉತ್ತರವಿದ್ದಲ್ಲಿ ಅದನ್ನು ತೆಗೆದುಕೊ, ಇಲ್ಲದಿದ್ದಲ್ಲಿ ಹಳೆಯದನ್ನು ಉಳಿಸು ಎಂಬುದು ಇವುಗಳ ಅರ್ಥ.

ಆದರೆ ಅಲ್ಲಿಗೇ ಕೈ ತೊಳೆದುಕೊಳ್ಳಬೇಡಿ. ಹಳೆಯದನ್ನು ಉಳಿಸಿದಾಗ ಹೊಸ ಪ್ರತಿ ‘.ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಪಕ್ಕದಲ್ಲಿ ಉಳಿಯುತ್ತದೆ. ತಿಂಗಳಿಗೊಮ್ಮೆ ಆ ಹೆಸರಿನ ಕಡತಗಳನ್ನು ಹುಡುಕಿ ಓದುವ ಕೆಲಸ ಯಾರಾದರೂ ಮಾಡಲೇಬೇಕು. ಅಪಾಯ ಹೆಚ್ಚಾಗುವುದು ಒಂದು ಬಿಡುಗಡೆಯಿಂದ ಇನ್ನೊಂದಕ್ಕೆ ಹೋಗುವಾಗ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇಮೇಲ್ ಸರ್ವರ್ ಡವ್‌ಕಾಟ್ 2.4ಕ್ಕೆ ಏರಿತು. ಅದರ ಸಂರಚನೆಯ ರೂಪವೇ ಬದಲಾಗಿದ್ದರಿಂದ, 2.3ರ ಕಡತವನ್ನು ಹಾಗೆಯೇ ಉಳಿಸಿಕೊಂಡವರ ಸೇವೆ ಏಳುವುದಿಲ್ಲ. ಅಂಥ ದೊಡ್ಡ ಅಪ್‌ಗ್ರೇಡನ್ನು ರಾತ್ರಿಯ ಸ್ಕ್ರಿಪ್ಟಿಗೆ ಬಿಡದೆ, ಮೊದಲು ಒಂದು ಯಂತ್ರದಲ್ಲಿ ನೀವೇ ಕುಳಿತು ಮಾಡಿ ನೋಡಿರಿ.

ಪ್ರಶ್ನೆ: ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ದಿನನಿತ್ಯದ ಮಾತು. ಅಪ್‌ಗ್ರೇಡ್ ನಡೆಯುತ್ತಿದ್ದಾಗಲೇ ಹೋದರೆ ನಾನು ತಿದ್ದಿದ ಕಡತಗಳು ಕೆಡುತ್ತವೆಯೇ?
— ಓದುಗರು, ಸೋಮವಾರಪೇಟೆ

ಉತ್ತರ: ಸಾಮಾನ್ಯವಾಗಿ ಕೆಡುವುದಿಲ್ಲ, ಏಕೆಂದರೆ ಡಿಪಿಕೆಜಿ ಕೆಲಸವನ್ನು ಎರಡು ಹಂತದಲ್ಲಿ ಮಾಡುತ್ತದೆ. ಬಿಚ್ಚುವ ಹಂತದಲ್ಲಿ ಹೊಸ ಸಂರಚನಾ ಕಡತವನ್ನು ‘.ಡಿಪಿಕೆಜಿ-ನ್ಯೂ’ ಎಂಬ ಬೇರೆ ಹೆಸರಿನಲ್ಲಿ ಇಡುತ್ತದೆ. ನಿಮ್ಮ ಕಡತ ಇದ್ದಲ್ಲಿಯೇ ಇರುತ್ತದೆ. ಯಾವುದು ಉಳಿಯಬೇಕೆಂಬ ತೀರ್ಮಾನ ಮುಂದಿನ ಹಂತದ್ದು. ಕರೆಂಟು ಬಂದ ಮೇಲೆ ರೂಟ್ (ಯಂತ್ರದ ಪೂರ್ಣ ಅಧಿಕಾರವುಳ್ಳ ಬಳಕೆದಾರ) ಆಗಿ ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆದೇಶ ಕೊಟ್ಟರೆ ಅರ್ಧಕ್ಕೆ ನಿಂತ ಪ್ಯಾಕೇಜುಗಳು ಅಲ್ಲಿಂದಲೇ ಮುಂದುವರಿಯುತ್ತವೆ. ‘.ಡಿಪಿಕೆಜಿ-ನ್ಯೂ’ ಕಡತಗಳು ಕಂಡವೆಂದು ಅದಕ್ಕೆ ಮೊದಲೇ ಅಳಿಸಬೇಡಿ. ಹಾಗಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯುಪಿಎಸ್ ಇಲ್ಲದ ಯಂತ್ರದಲ್ಲಿ ದೊಡ್ಡ ಅಪ್‌ಗ್ರೇಡಿಗೆ ಕೈ ಹಾಕದಿರುವುದೇ ಒಳಿತೆಂದು ನನ್ನ ಅಭಿಪ್ರಾಯ. ಡಿಸ್ಕಿಗೆ ಬರೆಯುತ್ತಿರುವ ಗಳಿಗೆಯಲ್ಲೇ ವಿದ್ಯುತ್ ನಿಂತರೆ ಆಗುವ ಹಾನಿಯನ್ನು ಯಾವ ಪ್ಯಾಕೇಜ್ ವ್ಯವಸ್ಥೆಯೂ ಪೂರ್ತಿಯಾಗಿ ತಡೆಯಲಾರದು.

ಪ್ರಶ್ನೆ: ನಾನು ಬಳಸುವುದು ಫೆಡೋರಾ ಲಿನಕ್ಸ್. ಅದು ಇಂಥ ಪ್ರಶ್ನೆಯನ್ನು ಒಮ್ಮೆಯೂ ಕೇಳಿಲ್ಲ. ಹಾಗಾದರೆ ನನಗೆ ಈ ತೊಂದರೆ ಇಲ್ಲವೆಂದೇ?
— ಓದುಗರು, ಕುಶಾಲನಗರ

ಉತ್ತರ: ಇದೆ, ಕೇಳಿಸದಂತೆ ಇದೆ. ಆರ್‌ಪಿಎಂ ಎಂಬ ಫೆಡೋರಾದ ಪ್ಯಾಕೇಜ್ ಪದ್ಧತಿಯಲ್ಲಿ ಬಳಕೆದಾರರನ್ನು ಕೇಳುವ ವಾಡಿಕೆಯೇ ಇಲ್ಲ. ತೀರ್ಮಾನವನ್ನು ಪ್ಯಾಕೇಜ್ ತಯಾರಿಸಿದವರು ಮೊದಲೇ ಬರೆದಿರುತ್ತಾರೆ. ಕಡತಕ್ಕೆ ‘ನೋರಿಪ್ಲೇಸ್’ ಎಂಬ ಗುರುತು ಹಾಕಿದ್ದರೆ ನೀವು ತಿದ್ದಿದ ಪ್ರತಿ ಉಳಿದು, ಹೊಸದು ‘.ಆರ್‌ಪಿಎಂನ್ಯೂ’ ಎಂದು ಪಕ್ಕಕ್ಕೆ ಬರುತ್ತದೆ. ಆ ಗುರುತಿಲ್ಲದೆ ಸಂರಚನಾ ಕಡತವೆಂದಷ್ಟೇ ಹೇಳಿದ್ದರೆ ಹೊಸದೇ ಜಾರಿಗೆ ಬಂದು, ನಿಮ್ಮದು ‘.ಆರ್‌ಪಿಎಂಸೇವ್’ ಎಂಬ ಹೆಸರಿಗೆ ಸರಿಯುತ್ತದೆ. ಎರಡನೆಯದರಲ್ಲಿ ಸೇವೆಯ ನಡೆ ರಾತ್ರೋರಾತ್ರಿ ಬದಲಾಗಬಹುದು. ಪರದೆಯ ಮೇಲೆ ಹಾದುಹೋದ ಒಂದು ಸಾಲಿನ ಎಚ್ಚರಿಕೆಯನ್ನು ಬಿಟ್ಟರೆ ಬೇರೆ ಸುಳಿವಿರುವುದಿಲ್ಲ. ಆರ್‌ಪಿಎಂಕಾನ್ಫ್ ಎಂಬ ಉಪಕರಣವನ್ನು ಹಾಕಿಕೊಂಡು, ಪ್ರತಿ ಅಪ್‌ಗ್ರೇಡ್ ಮುಗಿದ ಕೂಡಲೇ ಅದನ್ನು ‘-ಎ’ ಆಯ್ಕೆಯೊಂದಿಗೆ ನಡೆಸಿ. ಬಾಕಿ ಉಳಿದ ಇಂಥ ಕಡತಗಳನ್ನು ಅದು ಒಂದೊಂದಾಗಿ ಮುಂದಿಟ್ಟು, ವ್ಯತ್ಯಾಸ ತೋರಿಸಿ, ಯಾವುದನ್ನು ಇಡಬೇಕೆಂದು ನಿಮ್ಮನ್ನೇ ಕೇಳುತ್ತದೆ.