ಸಂಪಾದಕರ ಉತ್ತರ: ಮಂಜೊಟ್ಟಿಯಲ್ಲಿ ಯಾರ ಹೆಸರು ಕರೆಯುತ್ತಾರೆ?

ಮಾನ್ಯರೇ,

ಕಂಬಳ ಋತುವಿನ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಎಂಟು ಪುಟಗಳ ಪತ್ರ ತಲುಪಿದೆ. ಹೆಸರು ಅಚ್ಚಾಗಬಾರದೆಂದು ಕೇಳಿದ್ದೀರಿ, ಹಾಗೆಯೇ ಆಗಲಿ. ಪತ್ರವನ್ನು ಇಡಿಯಾಗಿ ಪ್ರಕಟಿಸಲು ಜಾಗವಿಲ್ಲದ ಕಾರಣ ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ಹದಿಹರೆಯದಲ್ಲಿ ಬಾಡಿಗೆ ಸೈಕಲ್ ತಂದು ಊರೂರ ರೇಸಿಗೆ ಹೋದವರು. ಆಮೇಲೆ ಕೋಣಗಳಿಗೆ ಹಗುರ ನೇಗಿಲು ಕಟ್ಟಿ ಓಡಿಸುವ ನೇಗಿಲು ಕಿರಿಯ ವಿಭಾಗದಲ್ಲಿ ಪರರ ಕೋಣ ಓಡಿಸಿದಿರಿ. ಮೊಣಕಾಲು ಕೈಕೊಟ್ಟ ಮೇಲೆ ಸ್ವಂತ ಜೊತೆ (ಕೋಣಗಳ ಜೋಡಿ) ಕಟ್ಟಿ ಯಜಮಾನರಾದ ನೀವು, ಎಪ್ಪತ್ತು ದಾಟಿದ ಈಗಲೂ ಹಟ್ಟಿಯಲ್ಲಿ ಒಂದು ಜೊತೆಯನ್ನು ಇಟ್ಟುಕೊಂಡಿದ್ದೀರಿ. ನಿಮ್ಮ ಆಕ್ಷೇಪಗಳು ಮೂರು. ನಾವು ಸೆಕೆಂಡುಗಳ ಪಟ್ಟಿ ಹಾಕಿ ಕಂಬಳವನ್ನು ಲೆಕ್ಕದ ಪುಸ್ತಕ ಮಾಡಿದೆವು ಎಂಬುದು ಒಂದು. ನಮ್ಮ ಹುಡುಗರು ಉಸೇನ್ ಬೋಲ್ಟನನ್ನು ಮೀರಿಸಿದ ಸಂಗತಿಯನ್ನು ದಪ್ಪಕ್ಷರದಲ್ಲಿ ಹಾಕಲಿಲ್ಲ ಎಂಬುದು ಇನ್ನೊಂದು. ಕಂಬಳ ಈಗ ಉಳುಮೆಯ ನಂಟು ಕಳಚಿಕೊಂಡ ದುಬಾರಿ ಸ್ಪರ್ಧೆಯಾಗಿದೆ ಎಂದ ನಮ್ಮ ಲೇಖಕರ ಮಾತು ಕೋಣ ಸಾಕುವವರಿಗೆ ಅವಮಾನ ಎಂಬುದು ಮೂರನೆಯದು. ಕೊನೆಯಲ್ಲಿ ಒಂದು ಪ್ರಶ್ನೆಯೂ ಇದೆ: ಕೋಣಗಳನ್ನು ಮಾರಿಬಿಡೋಣ ಎಂದು ಮಗ ಹೇಳುತ್ತಿದ್ದಾನೆ, ಹಾಗಾದರೆ ಒಂದು ಆಯುಷ್ಯವನ್ನೇ ಓಟಕ್ಕೆ ಸುರಿದದ್ದು ದಂಡವಾಯಿತೇ?

ಮೊದಲ ಎರಡು ಆಕ್ಷೇಪಗಳು ಒಂದನ್ನೊಂದು ಕಡಿಯುತ್ತವೆ ಎಂಬುದನ್ನು ನೀವು ಗಮನಿಸಿದಂತಿಲ್ಲ. ಸೆಕೆಂಡು ಬೇಡ ಎನ್ನುವವರಿಗೆ ಬೋಲ್ಟ್ ಏಕೆ ಬೇಕು? ಆದರೂ ಎರಡಕ್ಕೂ ಪ್ರತ್ಯೇಕವಾಗಿಯೇ ಉತ್ತರ ಕೊಡುತ್ತೇನೆ, ಏಕೆಂದರೆ ಬೋಲ್ಟ್‌ನ ವಿಷಯದಲ್ಲಿ ಲೆಕ್ಕ ಸ್ವಾರಸ್ಯವಾಗಿದೆ.

2020ರ ಫೆಬ್ರುವರಿ 1ರಂದು ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡುಗಳಲ್ಲಿ ಮುಗಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿದರೆ 9.55 ಬರುತ್ತದೆಂದೂ, ಬೋಲ್ಟ್‌ನ ವಿಶ್ವದಾಖಲೆ 9.58 ಎಂದೂ ಯಾರೋ ಹೇಳಿದ್ದು ಜಗತ್ತಿನ ಪತ್ರಿಕೆಗಳನ್ನೆಲ್ಲ ಸುತ್ತಿ ಬಂತು. ತಿಂಗಳು ಮುಗಿಯುವ ಮೊದಲೇ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿ ಆ ಲೆಕ್ಕವನ್ನು 9.51ಕ್ಕೆ ತಂದರು. ಆದರೆ ನಿಂತ ನಿಲುವಿನಿಂದ ಹೊರಟವನು ವೇಗ ಕೂಡಿಸಿಕೊಳ್ಳಲು ವ್ಯಯಿಸುವ ಸಮಯ ನೂರು ಮೀಟರಿನ ಓಟದಲ್ಲಿ ದೊಡ್ಡ ಪಾಲು, ನೂರಾನಲವತ್ತು ಮೀಟರಿನಲ್ಲಿ ಚಿಕ್ಕ ಪಾಲು. ಆದ್ದರಿಂದ ಉದ್ದದ ಓಟವನ್ನು ಭಾಗಿಸಿ ಗಿಡ್ಡ ಓಟದ ಪಕ್ಕದಲ್ಲಿ ಇಡುವುದು ನ್ಯಾಯವಲ್ಲ. ನ್ಯಾಯದ ಹೋಲಿಕೆ ಬೇಕಿದ್ದರೆ ಬೋಲ್ಟ್ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯೊಂದರಲ್ಲಿ ಓಡಿದ 150 ಮೀಟರನ್ನು ತೆಗೆದುಕೊಳ್ಳಬೇಕು. ಅಲ್ಲಿ ಅವರ ಸಮಯ 14.35 ಸೆಕೆಂಡು. ಆ ಸರಾಸರಿಯಲ್ಲಿ ಐಕಳದ ಕರೆಯ ಉದ್ದಕ್ಕೆ ಲೆಕ್ಕ ಹಾಕಿದರೆ 13.63 ಬರುತ್ತದೆ. ಗೌಡರದು 13.62! ಆ 150 ಮೀಟರಿನ ಕೊನೆಯ ನೂರನ್ನು ಬೋಲ್ಟ್ 8.70 ಸೆಕೆಂಡಿನಲ್ಲಿ ಮುಗಿಸಿದ್ದರೆಂಬುದನ್ನೂ ಸೇರಿಸಿ ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ.

ಹಾಗಾದರೆ ಇಬ್ಬರೂ ಸಮಬಲರೇ? ಆ ಪ್ರಶ್ನೆಯೇ ಸಲ್ಲ. ಒಬ್ಬರು ತಮ್ಮ ಕಾಲಿನ ಬಲದಿಂದ ಗಟ್ಟಿ ನೆಲದ ಮೇಲೆ ಓಡಿದರು. ಇನ್ನೊಬ್ಬರು ಕೆಸರುನೀರಿನಲ್ಲಿ, ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಬೆತ್ತ ಹಿಡಿದು, ತಮಗಿಂತ ಹಲವು ಪಟ್ಟು ತೂಕದ ಎರಡು ಪ್ರಾಣಿಗಳು ಎಳೆಯುವ ವೇಗಕ್ಕೆ ಹೆಜ್ಜೆ ಹೊಂದಿಸಿದರು. ಎಳೆತ ಓಟಗಾರನ ಹೆಜ್ಜೆಯನ್ನು ಉದ್ದ ಮಾಡುತ್ತದೆ ನಿಜ, ಆದರೆ ಅವನು ಒಂದು ಗೇಣು ಹಿಂದೆ ಬಿದ್ದರೂ ಹಗ್ಗ ಬಿಗಿದು ಕೋಣಕ್ಕೆ ಅವನೇ ಭಾರವಾಗುತ್ತಾನೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವರು ಶ್ರೀನಿವಾಸ ಗೌಡರೇ. ಭಾರತೀಯ ಕ್ರೀಡಾ ಪ್ರಾಧಿಕಾರ ಟ್ರ್ಯಾಕಿನ ಪರೀಕ್ಷೆಗೆ ಕರೆದಾಗ ಅವರು ಒಪ್ಪಲಿಲ್ಲ. ಕಂಬಳದಲ್ಲಿ ನಾವು ಹಿಮ್ಮಡಿಯ ಮೇಲೆ ಓಡುತ್ತೇವೆ, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡಬೇಕು, ಓಟದಲ್ಲಿ ಕೋಣಗಳ ಪಾಲೂ ಇದೆ ಎಂಬ ಅರ್ಥದ ಮಾತನ್ನು ಸುದ್ದಿಗಾರರ ಮುಂದೆ ಆಡಿದರು. ಅಷ್ಟು ಪ್ರಚಾರದ ನಡುವೆ ತನ್ನ ವಿದ್ಯೆಯ ಎಲ್ಲೆಯನ್ನು ತಾನೇ ಗುರುತಿಸಿದ ಆ ಕಟ್ಟಡ ಕಾರ್ಮಿಕನ ವಿವೇಕ, ದಪ್ಪಕ್ಷರದ ಶೀರ್ಷಿಕೆ ಕೇಳುವ ನಮಗೆ ಇರಬಾರದೇ?

ಇನ್ನು ಸಮಯದ ಪಟ್ಟಿ. ಕಣ್ಣಳತೆಯಲ್ಲಿ ತೀರ್ಪು ಕೊಡುತ್ತಿದ್ದ ದಿನಗಳ ಜಗಳವನ್ನು ನಿಮ್ಮ ಪತ್ರದ ನಾಲ್ಕನೆಯ ಪುಟದಲ್ಲಿ ನೀವೇ ಸೊಗಸಾಗಿ ವರ್ಣಿಸಿದ್ದೀರಿ: ಅಕ್ಕಪಕ್ಕದ ಎರಡು ಹಾದಿಗಳ ಜೋಡುಕರೆಯಲ್ಲಿ ಎರಡು ಜೊತೆಗಳು ಮೂಗಿನ ಅಂತರದಲ್ಲಿ ಮಂಜೊಟ್ಟಿ, ಅಂದರೆ ಓಟ ಮುಗಿಯುವ ಏರು, ಹತ್ತಿದವು, ಎರಡೂ ಕಡೆಯವರು ಮುಂಡು ಎತ್ತಿ ಕಟ್ಟಿಕೊಂಡರು, ಬೆಳಗಾಗುವವರೆಗೆ ಮುಂದಿನ ಓಟ ನಡೆಯಲಿಲ್ಲ. ಲೇಸರ್ ಕಿರಣವೂ ವಿಡಿಯೋ ತೀರ್ಪೂ ಬಂದು ಆ ಜಗಳಗಳಲ್ಲಿ ಬಹುಪಾಲನ್ನು ಮುಗಿಸಿವೆ. ವಿಡಿಯೋ ಇರುವುದರಿಂದ ಬೆತ್ತ ಎಷ್ಟು ಬಾರಿ ಎದ್ದಿತು ಎಂಬುದೂ ದಾಖಲಾಗುತ್ತದೆ. ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನೆರಳಿನಲ್ಲಿ ಕಂಬಳ ನಿಂತುಹೋದದ್ದು, 2017ರಲ್ಲಿ ರಾಜ್ಯ ಶಾಸನಸಭೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದದ್ದು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು ನಿಮಗೆ ಗೊತ್ತಿದೆ. ಅನುಮತಿಯ ಜೊತೆಗೆ ಷರತ್ತುಗಳಿವೆ. ಷರತ್ತು ಪಾಲನೆಯಾಗಿದೆ ಎಂದು ತೋರಿಸಲು ಬೇಕಾಗುವುದು ಭಾವುಕ ಭಾಷಣವಲ್ಲ, ದಾಖಲೆ. ಆದ್ದರಿಂದ ಪಟ್ಟಿ ಮುಂದೆಯೂ ಪ್ರಕಟವಾಗುತ್ತದೆ. ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆ ವಿಭಾಗದಲ್ಲಿ ಮಾತ್ರ ಸೆಕೆಂಡಿಗೆ ಬೆಲೆಯಿಲ್ಲ, ಹಲಗೆಯ ತೂತಿನಿಂದ ಚಿಮ್ಮಿದ ನೀರು ಆರೂವರೆ ಕೋಲು ಎತ್ತರದ ನಿಶಾನೆ ಬಟ್ಟೆಯನ್ನು ಮುಟ್ಟಿತೋ ಏಳೂವರೆಯದನ್ನೋ ಎಂಬುದೇ ಅಲ್ಲಿ ಮುಖ್ಯ. ಆ ವಿಭಾಗದ ಬಗ್ಗೆ ನಮ್ಮ ಲೇಖನದಲ್ಲಿ ಇನ್ನೂ ನಾಲ್ಕು ಸಾಲು ಇರಬಹುದಿತ್ತು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ.

ಈಗ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಕಂಬಳದ ಫಲಿತಾಂಶವನ್ನು ಧ್ವನಿವರ್ಧಕದಲ್ಲಿ ಓದುವ ರೀತಿಯನ್ನೇ ನೋಡಿ. ಮೊದಲು ಮನೆಯ ಹೆಸರು, ಆಮೇಲೆ ಯಜಮಾನರ ಹೆಸರು, ಎರಡು ಜೊತೆ ಇದ್ದರೆ ಎ ಅಥವಾ ಬಿ, ಆಮೇಲೆ ‘ಓಡಿಸಿದವರು’ ಎಂದು ಓಟಗಾರನ ಹೆಸರು, ಹಲಗೆಯಾದರೆ ‘ಹಲಗೆ ಮುಟ್ಟಿದವರು’. ಐಕಳದ ಸುದ್ದಿ ಜಗತ್ತನ್ನು ಸುತ್ತಿದಾಗ ಈ ಕ್ರಮ ತಲೆಕೆಳಗಾಯಿತು. ಓಟಗಾರನೊಬ್ಬನೇ ಉಳಿದ, ಯಜಮಾನರೂ ಕೋಣಗಳೂ ಮಾಯವಾದರು. ಎರಡೂ ಲೆಕ್ಕಗಳಲ್ಲಿ ಕಾಣಿಸದವರು ಮಾತ್ರ ಅದೇ ಜನ: ಓಟ ಹೊರಡುವ ಜಾಗವಾದ ಗಂತಿನಲ್ಲಿ ಕೋಣದ ತಲೆ ಹಿಡಿದು, ಎರಡರ ನೋಟವೂ ನೇರವಾದ ಕ್ಷಣದಲ್ಲೇ ಕೈಬಿಡುವವರು, ಮಂಜೊಟ್ಟಿಯ ಏರಿನಲ್ಲಿ ಬೆದರಿ ನುಗ್ಗಿ ಬರುವ ಪ್ರಾಣಿಯನ್ನು ಎದುರಿನಿಂದ ಹಿಡಿಯುವವರು, ಮಳೆಗಾಲವಿಡೀ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸಿ, ಗೊರಸಿನ ಸಂದಿನ ಕಲ್ಲು ತೆಗೆಯುವವರು. ಒಂದು ಸೊಗಸಾದ ಬಿಡುಗಡೆಗೆ ಗಂತಿನಲ್ಲಿ ಮೂರು ನಾಲ್ಕು ಜನ ಒಂದೇ ಉಸಿರಿನಲ್ಲಿ ಕೈ ತೆಗೆಯಬೇಕು. ಒಬ್ಬ ತಡವಾದರೆ ಒಂದು ಕೋಣ ಅರ್ಧ ಹೆಜ್ಜೆ ಮುಂದಾಗಿ ನೊಗ ಓರೆಯಾಗುತ್ತದೆ, ಹಾಗೆ ಹೊರಟ ಜೊತೆ ಕರೆಯ ಕೊನೆಯವರೆಗೂ ಸರಿಹೋಗುವುದಿಲ್ಲ. ಇದು ನಿಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ, ನೀವೇ ಬರೆದದ್ದು. ಹಾಗೆ ಬಿಟ್ಟವರ ಹೆಸರನ್ನು ಮಾತ್ರ ಬರೆದಿಲ್ಲ.

ಕಂಬಳದ ಹಳೆಯ ಕಥೆಯಲ್ಲಿ ಈ ಮರೆವಿಗೆ ಇನ್ನೂ ಕಹಿಯಾದ ಭಾಗವಿದೆ. ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕುಳಿತು ಡೋಲು ಬಾರಿಸುತ್ತ ಬೆಳಗು ಮಾಡುವ ಪನಿಕುಲ್ಲುನ ಎಂಬ ಕೆಲಸ ಕೊರಗ ಸಮುದಾಯದವರ ಪಾಲಿಗೆ ಬಂದದ್ದು ಅವರ ಇಷ್ಟದಿಂದಲ್ಲ. ಕೋಣ ಇಳಿಯುವ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸಿದ ಕಾಲವೂ ಇತ್ತು. ಕೊರಗರನ್ನು ಇಂಥ ಅವಮಾನಕರ ಕೆಲಸಗಳಿಗೆ ಹಚ್ಚುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ನಮ್ಮ ತಲೆಮಾರಿನ ಕಂಬಳಪ್ರಿಯರು ಆ ಹೊತ್ತಿಗಾಗಲೇ ನಡುವಯಸ್ಸು ಮುಟ್ಟಿದ್ದೆವು ಎಂಬುದನ್ನು ನೆನಪಿಡೋಣ. ಪರಂಪರೆಯ ಹೆಮ್ಮೆಯನ್ನು ಬರೆಯುವವರು ಇದನ್ನೂ ಬರೆಯಬೇಕು ಎಂಬುದು ಈ ಪತ್ರಿಕೆಯ ನಿಲುವು.

ದುಬಾರಿ ಸ್ಪರ್ಧೆ ಎಂಬ ಮಾತಿಗೆ ನಿಮಗೆ ನೋವಾಗಿದೆ. ಆದರೆ ಕರೆಗೆ ಇಳಿಯುವ ಕೋಣಗಳಲ್ಲಿ ಹೆಚ್ಚಿನವು ಇಂದು ಗದ್ದೆ ಉಳುವುದಿಲ್ಲ, ಅವುಗಳ ಮೇವು, ಲಾರಿ ಬಾಡಿಗೆ, ಆಳಿನ ಸಂಬಳ ಸೇರಿದರೆ ಎರಡು ಪವನ್ ಚಿನ್ನದ ಬಹುಮಾನ ಯಾವ ಮೂಲೆಗೂ ಸಾಲುವುದಿಲ್ಲ. ಇದನ್ನು ಹೇಳುವುದು ಅವಮಾನವಲ್ಲ. ಲಾಭವಿಲ್ಲವೆಂದು ಗೊತ್ತಿದ್ದೂ ಸಾಕುತ್ತಾರೆಂಬುದೇ ನಿಮ್ಮಂಥವರ ಹೆಚ್ಚುಗಾರಿಕೆ ಎಂದು ಓದಿಕೊಳ್ಳಲು ಅಡ್ಡಿಯೇನಿಲ್ಲ.

ಓಟದ ಹುಚ್ಚು ಹತ್ತಿದವರು ವಯಸ್ಸಾದಂತೆ ಕಣ ಬಿಡುವುದಿಲ್ಲ, ಕಣದೊಳಗೆ ಜಾಗ ಬದಲಿಸುತ್ತಾರೆ. ಇದು ನಮ್ಮ ಕರಾವಳಿಯ ವಿಶೇಷವೇನಲ್ಲ. ಇಂಗ್ಲೆಂಡಿನ ಜಾನ್ ಸರ್ಟೀಸ್ ಮೋಟಾರ್ ಸೈಕಲ್ಲಿನಲ್ಲಿ ಹಲವು ಬಾರಿ ವಿಶ್ವ ಚಾಂಪಿಯನ್ ಆಗಿ, 1964ರಲ್ಲಿ ಫಾರ್ಮುಲಾ ಒನ್ ಕಾರಿನಲ್ಲೂ ಚಾಂಪಿಯನ್ ಆದರು. ಎರಡು ಚಕ್ರ, ನಾಲ್ಕು ಚಕ್ರ ಎರಡರಲ್ಲೂ ಆ ಪಟ್ಟ ಗೆದ್ದವರು ಇವತ್ತಿಗೂ ಅವರೊಬ್ಬರೇ. ಆಮೇಲೆ ಸ್ವಂತ ತಂಡ ಕಟ್ಟಿದರು, ಕೊನೆಗೆ ಮಗನ ರೇಸಿನ ಬೆನ್ನಿಗೆ ನಿಂತರು. ಆ ಮಗ 2009ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ರೇಸಿನಲ್ಲೇ ತೀರಿಕೊಂಡ. ನೀವು ಸೈಕಲ್ಲಿನಿಂದ ಹಗ್ಗಕ್ಕೆ, ಹಗ್ಗದಿಂದ ಹಟ್ಟಿಗೆ ಬಂದ ದಾರಿಯೂ ಅದೇ ಬಗೆಯದು. ನಿಮ್ಮ ಮಗ ಈ ದಾರಿಯಲ್ಲಿ ಬರಲಿಲ್ಲವೆಂದು ಕೊರಗಬೇಡಿ.

ಆಯುಷ್ಯ ದಂಡವಾಯಿತೇ ಎಂಬ ಪ್ರಶ್ನೆಯನ್ನು ನೀವು ಸಂಪಾದಕನಿಗೆ ಕೇಳಬಾರದಿತ್ತು. ಕೇಳಿದ್ದರಿಂದ ಹೇಳುತ್ತೇನೆ: ನಿಮ್ಮ ಎಂಟು ಪುಟಗಳಲ್ಲಿ ಅಪ್ಪು, ಕುಟ್ಟಿ, ಕಾಟಿ, ಚೆನ್ನ ಎಂಬ ಕೋಣಗಳ ಸ್ವಭಾವ, ಬಣ್ಣ, ಸಿಟ್ಟು, ಸಾವು ಎಲ್ಲವೂ ವಿವರವಾಗಿ ಬಂದಿವೆ. ‘ಹುರುಳಿ ಬೇಯಿಸುವುದು ಮನೆಯವಳ ಕೆಲಸ’ ಎಂಬ ಒಂದೇ ವಾಕ್ಯದಲ್ಲಿ ನಿಮ್ಮ ಪತ್ನಿ ಬಂದು ಹೋಗಿದ್ದಾರೆ. ನವೆಂಬರಿನಿಂದ ಮಾರ್ಚಿನವರೆಗೆ ಶನಿವಾರ ರಾತ್ರಿ ನೀವು ಕರೆಯ ಬದಿಯಲ್ಲಿದ್ದಾಗ ನಂಟರ ಮದುವೆ, ಅಡಿಕೆ ಕೊಯ್ಲು, ಮಕ್ಕಳ ಜ್ವರ ಇವೆಲ್ಲ ಯಾರ ಪಾಲಿಗೆ ಬಂದಿದ್ದವೋ ಅವರೇ ನಿಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲವರು. ಕೋಣ ಮಾರುವ ಮಾತನ್ನು ಕೂಡ ಮಗನಿಗಿಂತ ಮೊದಲು ಅವರೊಡನೆ ಆಡುವುದು ಸರಿ. ನನ್ನ ಊಹೆ ಏನೆಂದರೆ, ಅವರು ಮಾರಲು ಒಪ್ಪಲಿಕ್ಕಿಲ್ಲ.

ನೀವು ಬರೆದಿಟ್ಟಿರುವ ಫಲಿತಾಂಶದ ಪುಸ್ತಕಗಳ ಬಗ್ಗೆ ಒಂದು ಕೋರಿಕೆಯಿದೆ. ಪಜೀರಿನಿಂದ ಪುತ್ತೂರಿನವರೆಗೆ, ವಿಭಾಗವಾರು, ಕೈಬರಹದಲ್ಲಿ ಬರೆದಿಟ್ಟಿರುವ ಇಂಥ ದಾಖಲೆ ಅಪರೂಪ. ಮೂಲ ಪುಸ್ತಕಗಳನ್ನು ಅಂಚೆಗೆ ಹಾಕಬೇಡಿ, ಪುಟಗಳ ನಕಲು ಸಾಕು. ಪ್ರತಿ ಗೆಲುವಿನ ಎದುರಿಗೆ ಯಜಮಾನರು, ಓಡಿಸಿದವರು ಎಂಬ ಎರಡು ಅಂಕಣಗಳು ಈಗಾಗಲೇ ಇವೆ ಎಂದಿದ್ದೀರಿ. ಗಂತಿನಲ್ಲಿ ಬಿಟ್ಟವರು, ಸಾಕಿದವರು ಎಂಬ ಇನ್ನೆರಡನ್ನು ನೆನಪಿರುವಷ್ಟು ಮಟ್ಟಿಗೆ ತುಂಬಿಸಿ ಅಕ್ಟೋಬರಿನೊಳಗೆ ಕಳಿಸಿದರೆ, ಋತು ಆರಂಭವಾಗುವ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಅದಕ್ಕಾಗಿ ಬಿಡುತ್ತೇವೆ.

– ಸಂಪಾದಕ