ಎರಡನೇ ಆಪರೇಷನ್‌ಗೆ ದಿನಾಂಕ ಸಿಕ್ಕಿದೆ ಎಂದ ತಂಗಿಗೆ: ಮೊದಲು ಎಂಡೋಸ್ಕೋಪಿ, ಎರಡು ವಾರದ ಲೆಕ್ಕ

ತಂಗಿ ಎಂದೇ ಕರೆಯುತ್ತೇನೆ, ವಯಸ್ಸಿನಲ್ಲಿ ನಾನು ದೊಡ್ಡವಳು. ಬೊಜ್ಜಿಗೆ ಆಪರೇಷನ್ ಮಾಡಿಸಿಕೊಂಡವರ ನಮ್ಮ ಈ ಗುಂಪಿನಲ್ಲಿ ನೀವು ಬರೆದದ್ದನ್ನು ಓದಿದೆ: ಸ್ಲೀವ್ (ಹೊಟ್ಟೆಯ ಬಹುಪಾಲನ್ನು ಕತ್ತರಿಸಿ ತೆಗೆದು ಸಪೂರ ಕೊಳವೆಯಾಗಿಸುವ ಆಪರೇಷನ್) ಆಗಿ ಮೂರು ವರ್ಷವಾಯಿತು, 118 ಕೆ.ಜಿ.ಯಿಂದ 82ಕ್ಕೆ ಇಳಿದವರು ಮತ್ತೆ 97ಕ್ಕೆ ಬಂದಿದ್ದೀರಿ, ಮುಂದಿನ ತಿಂಗಳು, ಹೊಟ್ಟೆಯನ್ನು ಸಣ್ಣ ಚೀಲ ಮಾಡಿ ಕರುಳಿನ ಮೊದಲ ಭಾಗ ಬಿಟ್ಟು ಮುಂದಕ್ಕೆ ಜೋಡಿಸುವ ಮಿನಿ ಬೈಪಾಸ್‌ಗೆ ದಿನಾಂಕ ಸಿಕ್ಕಿದೆ, ಮಾಡಿಸಿಕೊಂಡವರು ಧೈರ್ಯ ಹೇಳಿ ಎಂದು ಕೇಳಿದ್ದೀರಿ. ಹದಿನೇಳು ಮಂದಿ ಆಗಲೇ ಧೈರ್ಯ ಹೇಳಿದ್ದಾರೆ. ನಾನು ಹೇಳುವುದಿಲ್ಲ, ಕ್ಷಮಿಸಿ. 2021ರಲ್ಲಿ ನಾನೂ ಹೀಗೆಯೇ ನಾಲ್ಕು ಜನರ ಬಾಯಲ್ಲಿ ಧೈರ್ಯ ಹೇಳಿಸಿಕೊಂಡು ಎರಡನೇ ಸಲ ಆಪರೇಷನ್ ಟೇಬಲ್ ಮೇಲೆ ಮಲಗಿದವಳು. ನಿಮ್ಮ ಬರಹ ಓದುವಾಗ ನನ್ನದೇ ಹಳೆಯ ಕಾಗದವನ್ನು ಓದಿದಂತಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಬರೆದದ್ದರಲ್ಲಿ ಎಲ್ಲರ ಕಣ್ಣು ತಪ್ಪಿದ ಒಂದು ಸಾಲಿದೆ. ವರ್ಷದಿಂದ ದಿನಾ ಬೆಳಿಗ್ಗೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೀರಿ, ನುಂಗದ ದಿನ ರಾತ್ರಿ ಹುಳಿತೇಗು ಬಂದು ಎದ್ದು ಕೂರಬೇಕಾಗುತ್ತದೆ ಎಂದಿದ್ದೀರಿ. ತೂಕಕ್ಕಿಂತ ಮೊದಲು ನೋಡಬೇಕಾದದ್ದು ಅದನ್ನು. ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಅನ್ನನಾಳ, ಹೊಟ್ಟೆ ನೋಡುವುದು) ಮಾಡಿಸಿದಿರಾ ಎಂದು ಒಬ್ಬರು ಕೇಳಿದ್ದಕ್ಕೆ, ‘ಆಪರೇಷನ್ ಹಿಂದಿನ ದಿನ ನೋಡುತ್ತಾರಂತೆ’ ಎಂದು ಉತ್ತರಿಸಿದ್ದೀರಿ. ಹಿಂದಿನ ದಿನ ನೋಡಿ ಏನು ಪ್ರಯೋಜನ? ಅಷ್ಟು ಹೊತ್ತಿಗೆ ಹಣ ಕಟ್ಟಿರುತ್ತೀರಿ, ಅತ್ತೆಯವರು ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದಿರುತ್ತಾರೆ, ಅನ್ನನಾಳ ಹೇಗೇ ಇರಲಿ ‘ಆಗಿಯೇ ಹೋಗಲಿ’ ಎನ್ನುವ ಸ್ಥಿತಿಗೆ ಬಂದಿರುತ್ತೀರಿ. ನನಗೆ ಆದದ್ದೂ ಅದೇ. ನನ್ನ ವಿಷಯದಲ್ಲಿ ಹಿಂದಿನ ದಿನವೂ ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಸ್ಲೀವ್ ಆದ ಮೇಲೆ ಎದೆಯುರಿ ಹೆಚ್ಚಿದ್ದರೆ ಬೈಪಾಸ್‌ಗೆ ಬದಲಾಯಿಸುವುದು ಸರಿಯಾದ ದಾರಿಯೇ. ಆದರೆ ಯಾವ ಬೈಪಾಸ್ ಎಂಬಲ್ಲಿ ವ್ಯತ್ಯಾಸವಿದೆ. ರೂ-ಎನ್-ವೈ ಬೈಪಾಸ್‌ನಲ್ಲಿ ಕರುಳಿಗೆ ಎರಡು ಕಡೆ ಜೋಡಣೆ, ಪಿತ್ತರಸ ಮೇಲಿನ ಚೀಲದಿಂದ ದೂರದಲ್ಲಿ, ಕೆಳಗೆಲ್ಲೋ ಬಂದು ಸೇರುತ್ತದೆ. ಮಿನಿ ಬೈಪಾಸ್‌ನಲ್ಲಿ ಜೋಡಣೆ ಒಂದೇ, ಹಾಗಾಗಿ ಪಿತ್ತರಸ ಆ ಜೋಡಣೆಯ ಮುಂದೆಯೇ ಹರಿದು ಹೋಗುತ್ತದೆ. ಕೆಲವರಿಗೆ ಅದು ಮೇಲಕ್ಕೂ ಬರುತ್ತದೆ. ಮೊದಲೇ ಅನ್ನನಾಳ ಉರಿದಿರುವವರಿಗೆ ಹುಳಿ ಹೋಗಿ ಕಹಿ ಬರುವ ಅಪಾಯ ಇರುವುದು ಇಲ್ಲೇ. ಎಂಡೋಸ್ಕೋಪಿ ವರದಿಯಲ್ಲಿ ಅನ್ನನಾಳದ ಉರಿಯೂತಕ್ಕೆ ಎ, ಬಿ, ಸಿ, ಡಿ ಎಂದು ದರ್ಜೆ ಬರೆಯುತ್ತಾರೆ. ಸಿ ಅಥವಾ ಡಿ ಇದ್ದರೆ, ಇಲ್ಲವೇ ಬ್ಯಾರೆಟ್ಸ್ (ಆಮ್ಲ ತಾಗಿ ತಾಗಿ ಅನ್ನನಾಳದ ಒಳಪದರ ಬದಲಾಗಿರುವುದು) ಎಂಬ ಪದ ಕಂಡರೆ, ಮಿನಿ ಬೇಡ, ರೂ-ಎನ್-ವೈ ಆಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ಭಾಗ ಎದೆಯೊಳಕ್ಕೆ ಜಾರಿರುವುದು) ಇದೆಯೇ, ಸ್ಲೀವ್ ಎಲ್ಲಾದರೂ ತಿರುಚಿಕೊಂಡಿದೆಯೇ, ಮೇಲ್ಭಾಗ ಚೀಲದಂತೆ ಉಬ್ಬಿದೆಯೇ ಎಂಬುದನ್ನೂ ನೋಡಬೇಕು. ಇದಕ್ಕೆ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಸಹಾಯ ಮಾಡುತ್ತದೆ. ಎರಡೂ ಪರೀಕ್ಷೆ ಮಾಡದೆ ‘ನಿಮ್ಮ ಹೊಟ್ಟೆ ಹಿಗ್ಗಿದೆ’ ಎಂದವರು ಊಹೆಯ ಮೇಲೆ ಹೇಳಿದ್ದಾರೆ ಎಂದೇ ತಿಳಿಯಿರಿ.

ಈಗ ನನ್ನ ಕಥೆ. 2016ರಲ್ಲಿ ಸ್ಲೀವ್. 112ರಿಂದ ಹದಿನಾಲ್ಕು ತಿಂಗಳಲ್ಲಿ 74. 2020ರ ಕೊನೆಗೆ 91. ಸ್ಲೀವ್ ಕೆಟ್ಟುಹೋಗಿದೆ ಎಂದು ನಾನೇ ತೀರ್ಮಾನಿಸಿಕೊಂಡು ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿ ಮೊದಲ ಭೇಟಿಯಲ್ಲೇ ಮಿನಿ ಬೈಪಾಸ್ ಎಂದರು. ಬೈಪಾಸ್ ಆದರೆ ಸಿಹಿ ತಿಂದೊಡನೆ ಡಂಪಿಂಗ್ (ಅದು ಒಮ್ಮೆಗೇ ಕರುಳಿಗೆ ಇಳಿದು ಬೆವರು, ಎದೆಬಡಿತ, ತಲೆಸುತ್ತು) ಆಗುತ್ತದೆ, ಆಗ ಸಿಹಿ ತಾನಾಗಿ ಬಿಟ್ಟುಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನನಗೆ ಡಂಪಿಂಗ್ ಆಗಲೇ ಇಲ್ಲ. ಎಲ್ಲರಿಗೂ ಆಗುವುದಿಲ್ಲ, ಅದನ್ನು ನಂಬಿ ಕೂರಬೇಡಿ. 91 ಇದ್ದದ್ದು 80ಕ್ಕೆ ಬಂತು, ಎರಡು ವರ್ಷದಲ್ಲಿ ಮತ್ತೆ 86. ಜೊತೆಗೆ ಬಂದದ್ದು ರಾತ್ರಿ ಎರಡು ಗಂಟೆಗೆ ಬಾಯಿಗೆ ಬರುವ ಹಳದಿ ಕಹಿ, ಮತ್ತು 7.6ಕ್ಕೆ ಕುಸಿದ ಹಿಮೋಗ್ಲೋಬಿನ್. ಕಬ್ಬಿಣದ ಅಂಶವನ್ನು ಹೆಚ್ಚಾಗಿ ಹೀರುವ ಕರುಳಿನ ಮೊದಲ ಭಾಗವೇ ಬೈಪಾಸ್ ಆಗಿರುತ್ತದಲ್ಲ, ಮಾತ್ರೆ ನುಂಗಿದರೂ ಏರಲಿಲ್ಲ, ರಕ್ತನಾಳಕ್ಕೇ ಕೊಡಬೇಕಾಯಿತು. ಇವತ್ತಿಗೂ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು ಮಲಗುತ್ತೇನೆ.

2023ರಲ್ಲಿ ಇನ್ನೊಬ್ಬ ವೈದ್ಯರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಸ್ಲೀವ್ ಯಾಕೆ ಸೋತಿತು ಎಂದು ಯಾರಾದರೂ ಪತ್ತೆ ಮಾಡಿದರೇ?’ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಜೊತೆಗಿದ್ದ ಆಹಾರತಜ್ಞೆ ನನಗೆ ಮಾತ್ರೆ ಬರೆಯಲಿಲ್ಲ, ಪಥ್ಯ ಹೇಳಲಿಲ್ಲ. ಹದಿನಾಲ್ಕು ದಿನ ಏನನ್ನೂ ಬದಲಾಯಿಸದೆ ತಿಂದದ್ದನ್ನೆಲ್ಲ ಬರೆದುಕೊಂಡು ಬನ್ನಿ ಎಂದರು.

ಈ ಲೆಕ್ಕವನ್ನು ಹೇಗೆ ಬರೆಯಬೇಕು ಎಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ‘ಫುಡ್ ಡೈರಿ ಇಡುತ್ತೇನೆ’ ಎನ್ನುವವರಲ್ಲಿ ಹೆಚ್ಚಿನವರು ರಾತ್ರಿ ಮಲಗುವ ಮುನ್ನ ನೆನಪಿನಿಂದ ಬರೆಯುತ್ತಾರೆ. ಅದು ಲೆಕ್ಕವಲ್ಲ. ನಾನು ಹಾಲಿನ ಲೆಕ್ಕ ಬರೆಯುವ ಉದ್ದನೆಯ ಪುಸ್ತಕವನ್ನು ಫ್ರಿಜ್ ಪಕ್ಕದ ಮೊಳೆಗೆ ನೇತುಹಾಕಿ, ಪೆನ್ಸಿಲ್ ಅನ್ನು ದಾರದಲ್ಲಿ ಕಟ್ಟಿದ್ದೆ. ಐದು ಅಂಕಣ. ಗಂಟೆ, ಏನು, ಎಷ್ಟು, ನೀರು ಅಥವಾ ಕಾಫಿ ಜೊತೆಗಿತ್ತೇ, ಕೂತು ತಿಂದದ್ದೋ ನಿಂತು ತಿಂದದ್ದೋ. ಕೊನೆಯ ಅಂಕಣ ನನ್ನ ಸೇರ್ಪಡೆ. ನಾಲ್ಕನೆಯ ದಿನ ಸಂಜೆ ಪುಟದ ಕೆಳಗೆ ನೋಡಿದರೆ ಹನ್ನೊಂದು ಸಾಲುಗಳಿದ್ದವು, ಅದರಲ್ಲಿ ಏಳರ ಮುಂದೆ ‘ನಿಂತು’ ಎಂದಿತ್ತು. ಚಟ್ನಿಗೆ ಹುರಿದ ಕಡಲೆಬೀಜ ಒಂದು ಹಿಡಿ, ಮಗನ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ಡಬ್ಬಿ ತುಂಬಿಸುವಾಗ ಖಾರಾಬೂಂದಿ. ಊಟ ಎಂದು ನಾನು ಕರೆಯುತ್ತಿದ್ದದ್ದು ದಿನಕ್ಕೆ ಮೂರು ಪುಟ್ಟ ಬಟ್ಟಲು ಮಾತ್ರ. ‘ನಾನು ಏನೂ ತಿನ್ನುವುದಿಲ್ಲ, ಆದರೂ ಏರುತ್ತಿದೆ’ ಎಂದು ವೈದ್ಯರ ಮುಂದೆ ಅತ್ತದ್ದು ಸುಳ್ಳಲ್ಲ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅದಕ್ಕಿಂತ ದೊಡ್ಡದು ಕಾಫಿ. ದಿನಕ್ಕೆ ಐದು ಲೋಟ, ಗಟ್ಟಿ ಹಾಲು, ಎರಡೆರಡು ಚಮಚ ಸಕ್ಕರೆ. ಲೋಟಕ್ಕೆ ಸುಮಾರು 100 ಕ್ಯಾಲೊರಿ ಹಿಡಿದರೂ 500. ಜೊತೆಗೆ ಅದ್ದಿಕೊಂಡು ತಿನ್ನುವ ಮಾರಿ ಬಿಸ್ಕತ್ತು ಎಂಟು, ಇನ್ನೊಂದು 200. ಹೊಟ್ಟೆ ತುಂಬಿತು ಎಂದು ಒಮ್ಮೆಯೂ ಅನಿಸದೆ ದಿನಕ್ಕೆ 700 ಒಳಗೆ ಹೋಗುತ್ತಿತ್ತು. ದ್ರವವಾಗಲಿ, ದ್ರವದಲ್ಲಿ ನೆನೆದದ್ದಾಗಲಿ ಸ್ಲೀವ್‌ನಲ್ಲಿ ನಿಲ್ಲುವುದೇ ಇಲ್ಲ, ಜಾರಿ ಹೋಗುತ್ತದೆ. ಬೈಪಾಸ್ ಆದ ಮೇಲೂ ಅದೇ ಕಾಫಿ ಅದೇ ಬಿಸ್ಕತ್ತು ಜಾರಿ ಹೋದವು. ಎರಡನೇ ಆಪರೇಷನ್ ನನ್ನಲ್ಲಿ ಮುಟ್ಟದೆ ಬಿಟ್ಟದ್ದು ಇದನ್ನೇ.

ನಿಮ್ಮ ಸ್ಲೀವ್‌ನಲ್ಲಿ ಇನ್ನೂ ಬಿಗಿ ಉಳಿದಿದೆಯೇ ಎಂದು ಅಂದಾಜು ಮಾಡಲು ನಾನು ಎಲ್ಲರಿಗೂ ಹೇಳುವ ಒಂದು ಉಪಾಯವಿದೆ. ಇದು ವೈದ್ಯಕೀಯ ಪರೀಕ್ಷೆಯಲ್ಲ, ಎಂಡೋಸ್ಕೋಪಿಯ ಬದಲಿಗೂ ಅಲ್ಲ, ಆಪರೇಷನ್ ಆಗಿ ವರ್ಷ ತುಂಬದವರು, ನುಂಗುವಾಗ ಸಿಕ್ಕಿಕೊಳ್ಳುವವರು, ವಾಂತಿ ಇರುವವರು ಖಂಡಿತ ಮಾಡಬೇಡಿ. ಒಂದು ಬೆಳಿಗ್ಗೆ ಅರ್ಧ ಗಂಟೆ ನೀರು ಕುಡಿಯದೆ ಎರಡು ಬೇಯಿಸಿದ ಮೊಟ್ಟೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕೂತು, ಚೆನ್ನಾಗಿ ಅಗಿದು ತಿನ್ನಿ. ಮೊಟ್ಟೆ ತಿನ್ನದವರು ಪನೀರ್ ತುಂಡು ತೆಗೆದುಕೊಳ್ಳಿ. ಇನ್ನೊಂದು ದಿನ ಅದೇ ಹೊತ್ತಿಗೆ ಒಂದು ತಟ್ಟೆ ಅವಲಕ್ಕಿಯನ್ನು ಚಹಾ ಜೊತೆ ತಿನ್ನಿ. ನಾನು ಬೈಪಾಸ್ ಆಗಿ ಎರಡು ವರ್ಷದ ಮೇಲೆ ಇದನ್ನು ಮಾಡಿ ನೋಡಿದಾಗ ಮೊದಲ ಮೊಟ್ಟೆಗೆ ಇಪ್ಪತ್ತು ನಿಮಿಷ ಹಿಡಿಯಿತು, ಎರಡನೆಯದರ ಅರ್ಧಕ್ಕೆ ಎದೆಯ ಕೆಳಗೆ ಒತ್ತಿದಂತಾಗಿ ಮುಂದೆ ಹೋಗಲಿಲ್ಲ. ಅವಲಕ್ಕಿ ಮಾತ್ರ ತಟ್ಟೆ ಖಾಲಿಯಾಗಿ ಇನ್ನಷ್ಟು ಬಡಿಸಿಕೊಂಡೆ. ಹೊಟ್ಟೆ ಅದೇ. ನಿಮಗೂ ಮೊಟ್ಟೆಯಲ್ಲಿ ಹೀಗೆ ನಿಂತರೆ, ಹೊಟ್ಟೆ ಹಿಗ್ಗಿದೆ ಎಂಬ ಮಾತನ್ನು ಇನ್ನೊಮ್ಮೆ ಯೋಚಿಸಿ.

ಅಲ್ಲಿಂದ ನಾನು ಹಿಡಿದ ಕ್ರಮ ಇಷ್ಟೇ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಅದೂ ಗಟ್ಟಿ ರೂಪದಲ್ಲಿ. ಹುರುಳಿಕಾಳಿನ ಉಸಲಿ, ಮೊಟ್ಟೆ, ಮೀನು, ಪನೀರ್, ಸೋಯಾ. ಅದು ಮುಗಿದ ಮೇಲೆ ಪಲ್ಯ. ಜಾಗ ಉಳಿದರೆ ಅನ್ನವೋ ಮುದ್ದೆಯೋ ಎರಡು ತುತ್ತು. ಊಟದ ಜೊತೆ ನೀರಿಲ್ಲ, ಆಮೇಲೆ ಅರ್ಧ ಗಂಟೆಯೂ ಇಲ್ಲ. ದಿನಕ್ಕೆ 60 ಗ್ರಾಂ ಪ್ರೋಟೀನ್ ಕನಿಷ್ಠ. ಸಸ್ಯಾಹಾರಿಗಳು ಸಾರು, ಹುಳಿಯಲ್ಲಿ ಬೇಳೆ ಇದೆಯಲ್ಲ ಎನ್ನಬೇಡಿ, ತಿಳಿಸಾರಿನಲ್ಲಿ ಪ್ರೋಟೀನ್ ಹುಡುಕಿದರೆ ಸಿಗುವುದಿಲ್ಲ. ಒಂದು ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಪನೀರ್‌ಗೆ ಸುಮಾರು 18. ಕಾಫಿ ಈಗ ಎರಡೇ ಲೋಟ, ಸಕ್ಕರೆ ಇಲ್ಲ. ಬಿಡುವುದು ಕಷ್ಟವಾಯಿತು, ಒಂದು ವಾರ ತಲೆನೋವು ಇತ್ತು. ಈಗ 78ರಲ್ಲಿದ್ದೇನೆ, ಎರಡು ವರ್ಷವಾಯಿತು.

ಮೇಲೆ ಒಬ್ಬರು ‘ಐದು ದಿನ ಬರೀ ದ್ರವ ಕುಡಿದು ಪೌಚ್ ರಿಸೆಟ್ ಮಾಡಿ’, ಅಂದರೆ ಹಿಗ್ಗಿದ ಹೊಟ್ಟೆಯನ್ನು ಮತ್ತೆ ಚಿಕ್ಕದು ಮಾಡಿ ಎಂದಿದ್ದಾರೆ. ದಯವಿಟ್ಟು ಇಂಥದ್ದನ್ನು ಹೇಳಬೇಡಿ. ಐದು ದಿನ ಗಂಜಿ ಕುಡಿದರೆ ಹೊಲಿಗೆಯ ಹೊಟ್ಟೆ ಚಿಕ್ಕದಾಗುವುದಿಲ್ಲ, ನೀರಿನ ತೂಕ ಇಳಿಯುತ್ತದೆ, ಆರನೆಯ ದಿನ ವಾಪಸ್ ಬರುತ್ತದೆ. ಇನ್ನೊಬ್ಬರು ‘ಕಣ್ಣು ಮುಚ್ಚಿ ಮಾಡಿಸಿ, ನನಗೆ 22 ಕೆ.ಜಿ. ಇಳಿಯಿತು’ ಎಂದಿದ್ದಾರೆ. ನಿಮಗೆ ಇಳಿದದ್ದಕ್ಕೆ ಸಂತೋಷ ಅಣ್ಣಾ, ಆದರೆ ನಿಮ್ಮದು ಮೊದಲು ಬ್ಯಾಂಡ್ (ಹೊಟ್ಟೆಯ ಮೇಲ್ಭಾಗಕ್ಕೆ ಹಾಕುವ ಪಟ್ಟಿ) ಇದ್ದದ್ದು, ಸ್ಲೀವ್ ಅಲ್ಲ. ಸ್ಲೀವ್‌ನಿಂದ ಬೈಪಾಸ್‌ಗೆ ಹೋದಾಗ, ಅದರಲ್ಲೂ ರೂ-ಎನ್-ವೈ ಆದರೆ, ಎದೆಯುರಿ ಹೆಚ್ಚಿನವರಿಗೆ ಚೆನ್ನಾಗಿ ತಗ್ಗುತ್ತದೆ. ತೂಕ ಮಾತ್ರ ಮೊದಲ ಸಲದಷ್ಟು ಇಳಿಯುವುದು ಅಪರೂಪ, ತೊಂದರೆಗಳ ಅಪಾಯವೂ ಮೊದಲ ಸಲಕ್ಕಿಂತ ಹೆಚ್ಚು. ಇದನ್ನು ಕಣ್ಣು ತೆರೆದೇ ಮಾಡಿಸಬೇಕು.

ಎರಡನೇ ಆಪರೇಷನ್ ನಾಚಿಕೆಯ ವಿಷಯ ಎಂದು ನಾನು ಹೇಳುತ್ತಿಲ್ಲ. ಸ್ಲೀವ್ ಶುರುವಾದದ್ದೇ ತೀರಾ ಹೆಚ್ಚು ತೂಕವಿದ್ದವರಿಗೆ ಎರಡು ಹಂತದ ಚಿಕಿತ್ಸೆಯ ಮೊದಲ ಹಂತವಾಗಿ. ಬೊಜ್ಜು ದೀರ್ಘಕಾಲದ ಕಾಯಿಲೆ, ಎರಡನೇ ವರ್ಷದ ನಂತರ ಸ್ವಲ್ಪ ತೂಕ ಮರಳುವುದು ಬಹಳ ಜನರಲ್ಲಿ ಇದೆ. ಇಳಿಸಿದ 36ರಲ್ಲಿ 15 ಮರಳಿದೆ, ಇನ್ನೂ 21 ಕೆ.ಜಿ. ನೀವು ಉಳಿಸಿಕೊಂಡಿದ್ದೀರಿ. ಎಲ್ಲ ಹೋಯಿತು ಎಂದು ಬರೆದದ್ದನ್ನು ನೋಡಿ ಬೇಸರವಾಯಿತು. ನಿಮ್ಮ ತಪ್ಪಿಲ್ಲದೆ ಏರಿಸುವ ಕಾರಣಗಳನ್ನೂ ನೋಡಿಸಿ: ಥೈರಾಯ್ಡ್, ಸ್ಟೀರಾಯ್ಡ್, ಇನ್ಸುಲಿನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಪಟ್ಟಿ ಒಯ್ದು ತೋರಿಸಿ.

ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಮಲಗಿದಾಗ ಈ ದಾರಿ ಇರಲಿಲ್ಲ. ಮೌಂಜಾರೊ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ. ಸ್ಲೀವ್ ಆದ ಮೇಲೆ ತೂಕ ಮರಳಿದವರಿಗೆ ಈಗ ಕೆಲವು ವೈದ್ಯರು ಎರಡನೇ ಆಪರೇಷನ್‌ಗೆ ಮೊದಲು ಇವನ್ನು ಯೋಚಿಸುತ್ತಾರೆ. ನಿಲ್ಲಿಸಿದರೆ ತೂಕ ಮರಳುವುದು ಹೆಚ್ಚು, ಪ್ರೋಟೀನ್ ಕಡಿಮೆಯಾದರೆ ಸ್ನಾಯು ಕರಗುತ್ತದೆ, ಪ್ಯಾಂಕ್ರಿಯಾಸ್ ಉರಿಯೂತ ಆಗಿದ್ದವರು, ಮನೆಯಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಮೊದಲೇ ತಿಳಿಸಬೇಕು. ಪರಿಚಯದ ಮೆಡಿಕಲ್ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವ ಕೆಲಸ ಬೇಡ.

ವಿಮೆಯ ಮಾತು. ನೀವು 160 ಸೆಂ.ಮೀ. ಎಂದಿದ್ದೀರಿ, 97 ಕೆ.ಜಿ.ಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸುಮಾರು 38. ಪಾಲಿಸಿಗಳಲ್ಲಿರುವ ಸಾಮಾನ್ಯ ಷರತ್ತು 40 ಅಥವಾ ಅದಕ್ಕೂ ಹೆಚ್ಚು. 35 ದಾಟಿದ್ದರೆ ಹತೋಟಿಗೆ ಬಾರದ ಟೈಪ್ 2 ಮಧುಮೇಹ, ತೀವ್ರವಾದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹೃದಯದ ಕಾಯಿಲೆಯಂಥದ್ದು ಜೊತೆಗಿರಬೇಕು. ಆಸ್ಪತ್ರೆಯವರು ‘ಆಗುತ್ತದೆ ಬಿಡಿ’ ಎಂದರೆ ಸಾಲದು, ಕಂಪನಿಯಿಂದ ಪೂರ್ವಾನುಮತಿ ಲಿಖಿತವಾಗಿ ಬರಲಿ.

ಮಾತ್ರೆಗಳ ಬಗ್ಗೆ ಇಲ್ಲಿ ದಿನಾ ತಪ್ಪು ನೋಡುತ್ತೇನೆ. ಶೆಲ್ಕಾಲ್ 500 ಸುಲಭವಾಗಿ ಸಿಗುತ್ತದೆ, ಆದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ಕಡಿಮೆಯಿರುವ ನಮ್ಮ ಹೊಟ್ಟೆಗೆ ಸಿಟ್ರೇಟ್ ಒಳ್ಳೆಯದು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಬಿಡಿ, ಕಬ್ಬಿಣದ್ದನ್ನು ಕಾಫಿ ಚಹಾ ಜೊತೆ ನುಂಗಬೇಡಿ. ಪ್ರೋಟೀನ್ ಪುಡಿ ಕೊಳ್ಳುವಾಗ ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ: ಡಬ್ಬಿಯ ಅಳತೆ ಚಮಚಕ್ಕೆ 20 ಗ್ರಾಂ ಪ್ರೋಟೀನ್ ಇಲ್ಲದ, ಮಾಲ್ಟ್ ಸಕ್ಕರೆ ಬೆರೆಸಿದ ಪುಡಿಗಳು ಮಕ್ಕಳ ಹಾಲಿಗೆ ಸರಿ, ನಮಗಲ್ಲ. ಬೈಪಾಸ್ ಆದವರು ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಟ್ಟಬೇಡಿ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ ಸಿಗರೇಟಿಗೂ ಅದೇ ಮಾತು. ನಾಲ್ಕು ದಿನದಿಂದ ವಾಂತಿ ಎಂದು ನಿನ್ನೆ ಬರೆದ ಸೋದರಿ, ಇದನ್ನು ಓದುತ್ತಿದ್ದರೆ ಇಂದೇ ಆಸ್ಪತ್ರೆಗೆ ಹೋಗಿ, ಥಯಾಮಿನ್ (ವಿಟಮಿನ್ ಬಿ1) ಕೊಡಬೇಕೇ ಎಂದು ಕೇಳಿ, ಗ್ಲೂಕೋಸ್ ಹಾಕುವ ಮೊದಲು ಕೇಳಿ. ಅದನ್ನು ತಡ ಮಾಡಬಾರದು.

ತಂಗಿ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ದಿನಾಂಕವನ್ನು ಆರು ವಾರ ಮುಂದಕ್ಕೆ ಹಾಕಿಸಿ. ಮೊದಲ ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಪತ್ರ ಮಾತ್ರವಲ್ಲ, ಆಪರೇಷನ್ ಟಿಪ್ಪಣಿಯನ್ನೂ ತೆಗೆದುಕೊಳ್ಳಿ, ಅದರಲ್ಲಿ ಎಷ್ಟು ಫ್ರೆಂಚ್ (ಕೊಳವೆಯ ದಪ್ಪದ ಮಾನ) ಅಳತೆಯ ಕೊಳವೆ ಇಟ್ಟು ಸ್ಲೀವ್ ಮಾಡಿದರು ಎಂದಿರಬೇಕು. ಈಗಿನ ವೈದ್ಯರನ್ನು ಕರುಳಿನ ಎಷ್ಟು ಸೆಂಟಿಮೀಟರ್ ಬೈಪಾಸ್ ಮಾಡುತ್ತೀರಿ, ಒಟ್ಟು ಉದ್ದವನ್ನು ಅಳೆಯುತ್ತೀರಾ ಎಂದು ಕೇಳಿ. 150ರಿಂದ 200 ಎಂದರೆ ಸಾಮಾನ್ಯ, ಅದಕ್ಕಿಂತ ಹೆಚ್ಚು ಎಂದರೆ ಯಾಕೆ ಎಂದು ಕೇಳಿ. ಪುಸ್ತಕವನ್ನು ಇಂದು ರಾತ್ರಿಯ ಊಟದಿಂದಲೇ ಶುರು ಮಾಡಿ, ಆ ಐದನೇ ಅಂಕಣ ಬಿಡಬೇಡಿ. ಎಂಡೋಸ್ಕೋಪಿ ವರದಿ ಬಂದ ದಿನ ಅದರಲ್ಲಿ ಯಾವ ಅಕ್ಷರ ಬರೆದಿದ್ದಾರೆ ಎಂದು ಇಲ್ಲೇ ತಿಳಿಸಿ, ನಾನು ನೋಡುತ್ತಿರುತ್ತೇನೆ.